ನನಗೆ ಜಾವೆಲಿನ್ ಕಲಿಸಿದ್ದು ಎಡಗಾಲು

ನಮ್ಮೂರು ಮಂಡ್ಯ ಜಿಲ್ಲೆಯಲ್ಲಿ. ಸುತ್ತ ಎತ್ತ ನೋಡಿದರೂ ಕಬ್ಬಿನ ಗದ್ದೆ. ಆದರೂ ಕಬ್ಬಿನ ಜಲ್ಲೆ ಎಸೆದು ಜಾವೆಲಿನ್ ಶುರು ಮಾಡಬಹುದು ಅಂತ ನನಗೆ ಗೊತ್ತಾಗಿದ್ದು ಭಾರತದ ಜಾವೆಲಿನ್ ಆಟಗಾರ್ತಿ ಅನ್ನು ರಾಣಿ ಅವರ ಬಗ್ಗೆ ಓದಿದ ಮೇಲೆಯೇ. ಅವರು ಮೀರತ್ ಹತ್ತಿರದ ಬಹಾದುರ್‌ಪುರದವರು. ಕ್ರಿಕೆಟ್ ಆಡುವಾಗ ಅವರ ಕೈಯ ಕಸುವು ಕಂಡ ಅಣ್ಣ, ಗದ್ದೆಯಲ್ಲಿ ಕಬ್ಬು ಕೊಟ್ಟು ಎಸೆಸಿದರಂತೆ.

ನನಗೆ ಸಿಕ್ಕಿದ್ದು ನಿಜವಾದ ಜಾವೆಲಿನ್ನೇ. 2013ರಲ್ಲಿ, ಒಂಬತ್ತನೇ ಕ್ಲಾಸಿನಲ್ಲಿ. ಶಾಲೆಯಲ್ಲಿ ಇದ್ದದ್ದು ಒಂದೇ ಒಂದು, ಅದೂ ಗಂಡಸರ 800 ಗ್ರಾಮಿನದು. ನನ್ನ ವಯಸ್ಸಿನ ಹುಡುಗಿಯರಿಗೆ 500 ಗ್ರಾಂ, ದೊಡ್ಡವರಾದ ಮೇಲೆ 600 ಗ್ರಾಂ ಎಂಬ ಲೆಕ್ಕ ಆಗ ಯಾರಿಗೂ ಮುಖ್ಯ ಅನ್ನಿಸಲಿಲ್ಲ. ಭಾರ ಜಾಸ್ತಿ ಆದಾಗ ಮೊಣಕೈ ತಾನಾಗಿ ಕೆಳಗಿಳಿಯುತ್ತೆ. ಕೆರೆ ನೀರಿನ ಮೇಲೆ ಚಪ್ಪಟೆ ಕಲ್ಲು ಹಾರಿಸ್ತೀವಲ್ವಾ, ಹಾಗೆ ಪಕ್ಕದಿಂದ ಬೀಸುತ್ತಿದ್ದೆ. ಕೈಯಲ್ಲಿ ಶಕ್ತಿ ಇತ್ತು, ದೂರ ಹೋಗುತ್ತಿತ್ತು, ಎಲ್ಲರೂ ಭೇಷ್ ಅಂದರು.

ಆ ಅಭ್ಯಾಸದ ಫಲ ಗೊತ್ತಾಗಿದ್ದು 2019ರಲ್ಲಿ. ಆಗ ನಾನು ಡಿಗ್ರಿಯಲ್ಲಿದ್ದೆ. ಎರಡು ವರ್ಷದಿಂದ 38 ಮೀಟರ್ ದಾಟಿರಲಿಲ್ಲ. ದಾಟಬೇಕು ಅಂತ ಇನ್ನೂ ಜೋರಾಗಿ ಎಸೆದೆ. ಒಂದು ದಿನ ಮೊಣಕೈ ಒಳಬದಿಯಲ್ಲಿ ಚಳಕ್ ಅಂತು. ಮಾರನೇ ದಿನ ಜಡೆ ಹೆಣೆದುಕೊಳ್ಳಲು ಕೈ ಎತ್ತಲಾಗಲಿಲ್ಲ. ಅಮ್ಮ ಹೆಣೆದರು. ಲಿಗಮೆಂಟ್ ಎಳೆದಿದೆ, ಎರಡು ತಿಂಗಳು ಎಸೆಯೋ ಹಾಗಿಲ್ಲ ಅಂದರು ಡಾಕ್ಟರು.

ಆ ಎರಡು ತಿಂಗಳಲ್ಲೇ ನಾನು ಜಾವೆಲಿನ್ ಕಲಿತಿದ್ದು.

ಮಾಡಲು ಬೇರೆ ಕೆಲಸ ಇರಲಿಲ್ಲ, ಫೋನಿನಲ್ಲಿ ಎಸೆತ ನೋಡುತ್ತಾ ಕೂತೆ. ಜೆಕ್ ದೇಶದ ಬಾರ್ಬೊರಾ ಶ್ಪೊಟಾಕೊವಾ 2008ರ ಸೆಪ್ಟೆಂಬರಿನಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ 72.28 ಮೀಟರ್ ಎಸೆದ ವಿಶ್ವ ದಾಖಲೆಯನ್ನು ನಿಧಾನ ಮಾಡಿ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. (1988ರಲ್ಲಿ ಪೂರ್ವ ಜರ್ಮನಿಯ ಪೆಟ್ರಾ ಫೆಲ್ಕೆ ಸರಿಯಾಗಿ 80 ಮೀಟರ್ ಎಸೆದಿದ್ದರು. ಅದು ಹಳೆ ಜಾವೆಲಿನ್. 1999ರಲ್ಲಿ ಹೆಂಗಸರ ಜಾವೆಲಿನ್ನಿನ ತೂಕದ ಕೇಂದ್ರವನ್ನು ಮುಂದಕ್ಕೆ ತಂದರು, ಮೂತಿ ಬೇಗ ಬಾಗೋ ಹಾಗೆ. ಅಲ್ಲಿಂದ ದಾಖಲೆ ಹೊಸದಾಗಿ ಶುರುವಾಯಿತು.) ಮೊದಮೊದಲು ನಾನು ನೋಡಿದ್ದು ಶ್ಪೊಟಾಕೊವಾ ಅವರ ಬಲಗೈಯನ್ನು ಮಾತ್ರ. ನಮ್ಮ ಕೋಚ್ ಸರ್ ಒಂದು ದಿನ ಫೋನಿನ ಮೇಲರ್ಧಕ್ಕೆ ಕೈ ಅಡ್ಡ ಹಿಡಿದರು. "ಈಗ ನೋಡಮ್ಮಾ, ಕಾಲು ಮಾತ್ರ ನೋಡು" ಅಂದರು.

ಓಡಿ ಬಂದ ಮೈ ಕ್ರಾಸ್ ಸ್ಟೆಪ್ (ಕಾಲಿಗೆ ಕಾಲು ಅಡ್ಡ ಹಾಕಿ ಇಡೋ ಹೆಜ್ಜೆ) ಮುಗಿಸಿ ಎಡಗಾಲಿನ ಮೇಲೆ ಗಕ್ಕನೆ ನಿಲ್ಲುತ್ತೆ. ಮಂಡಿ ಹೆಚ್ಚು ಮಡಚಲ್ಲ, ಕಾಲು ಗೂಟದ ಹಾಗೆ. ಬಸ್ಸಿಗೆ ಸಡನ್ ಬ್ರೇಕ್ ಹಾಕಿದರೆ ನಿಂತವರು ಮುಂದಕ್ಕೆ ಮುಗ್ಗರಿಸ್ತಾರಲ್ವಾ, ಅದೇ ಲೆಕ್ಕ. ಕೆಳಗೆ ಕಾಲು ನಿಂತ ಕೂಡಲೇ ಸೊಂಟ ತಿರುಗುತ್ತೆ, ಎದೆ ಬಿಲ್ಲಿನ ಹಾಗೆ ಬಾಗುತ್ತೆ, ಆಮೇಲೆ ಭುಜ, ಆಮೇಲೆ ಮೊಣಕೈ. ಕೈ ಬರೋದು ಕಟ್ಟಕಡೆಗೆ. ನನ್ನ ಎಡಮಂಡಿ ಕುಸಿಯುತ್ತಿತ್ತು. ಓಡಿ ತಂದ ವೇಗವೆಲ್ಲ ಅಲ್ಲೇ ಸೋರಿಹೋಗುತ್ತಿತ್ತು. ಆ ನಷ್ಟ ತುಂಬಿಕೊಡಲು ಪಾಪ ಮೊಣಕೈ ಒದ್ದಾಡುತ್ತಿತ್ತು.

ಕೈ ವಾಸಿಯಾದ ಮೇಲೂ ಸರ್ ತಕ್ಷಣ ಜಾವೆಲಿನ್ ಕೊಡಲಿಲ್ಲ. ಮೊದಲು ಗೋಡೆಗೆ ಟೆನ್ನಿಸ್ ಚೆಂಡು, ಆಮೇಲೆ ಎರಡು ಕೈಯಲ್ಲಿ ತಲೆ ಮೇಲಿಂದ ಮೆಡಿಸಿನ್ ಬಾಲ್, ಅಂದರೆ ಕಸರತ್ತಿನ ಭಾರದ ಚೆಂಡು. ಆಮೇಲೆ ಜಾವೆಲಿನ್, ಆದರೆ ಮೂರೇ ಹೆಜ್ಜೆ. ಎಸೆದ ಮೇಲೆ ಅದು ಎಲ್ಲಿ ಬಿತ್ತು ಅಂತ ನೋಡೋ ಹಾಗಿರಲಿಲ್ಲ. ತಿರುಗಿ ಎಡಗಾಲಿನ ಗುರುತು ನೋಡಬೇಕಿತ್ತು. ನಮ್ಮದು ಕೆಮ್ಮಣ್ಣಿನ ಮೈದಾನ, ಮಣ್ಣು ಸುಳ್ಳು ಹೇಳಲ್ಲ. ಮೊದಲ ವಾರವೆಲ್ಲ ಒಂದು ಗೇಣು ಉದ್ದ ಎಳೆದ ಗೀರು. ಕಾಲು ನಿಲ್ಲುತ್ತಿಲ್ಲ, ಜಾರುತ್ತಿದೆ ಅಂತ ಅರ್ಥ. ಗೀರು ದಿನದಿನಕ್ಕೆ ಚಿಕ್ಕದಾಯಿತು. ಒಂದು ಬೆಳಿಗ್ಗೆ ನೋಡಿದರೆ ಗೀರೇ ಇಲ್ಲ. ಹಿಮ್ಮಡಿ ಊರಿದ ಒಂದು ಗುಳಿ, ಅದರ ಮುಂದೆ ಶೂ ಮೊಳೆಗಳ (ಸ್ಪೈಕ್) ಚುಕ್ಕಿಗಳು, ಅಷ್ಟೇ. ಆ ಎಸೆತದಲ್ಲಿ ನಾನು ಜೋರು ಹಾಕಿದ್ದೇ ನೆನಪಿಲ್ಲ.

ಅದೇ ದಿನಗಳಲ್ಲಿ ದೋಹಾದಲ್ಲಿ ವಿಶ್ವ ಚಾಂಪಿಯನ್‌ಷಿಪ್. ಅನ್ನು ರಾಣಿ ಅರ್ಹತಾ ಸುತ್ತಿನಲ್ಲಿ 62.43 ಮೀಟರ್ ಎಸೆದು ರಾಷ್ಟ್ರೀಯ ದಾಖಲೆ ಮಾಡಿದರು. ವಿಶ್ವ ಕೂಟದ ಜಾವೆಲಿನ್ ಫೈನಲ್ ಮುಟ್ಟಿದ ಮೊದಲ ಭಾರತದ ಹೆಣ್ಣುಮಗಳು. ಫೈನಲ್‌ನಲ್ಲಿ ಎಂಟನೆಯವರಾದರು. ಹಾಸ್ಟೆಲಿನಲ್ಲಿ ನಾವು ನಾಲ್ವರು ಒಂದೇ ಫೋನಿಗೆ ತಲೆ ತಲೆ ತಾಗಿಸಿ ನೋಡಿದೆವು.

ಮುಂದಿನ ವರ್ಷ, ಕೊರೊನಾಕ್ಕೆ ಸ್ವಲ್ಪ ಮೊದಲು, ವಿಶ್ವವಿದ್ಯಾಲಯದ ಕೂಟದಲ್ಲಿ ನಾನು 43 ಮೀಟರ್ ದಾಟಿ ಚಿನ್ನ ಗೆದ್ದೆ. ಕೈಯ ಶಕ್ತಿ ಹಿಂದಿನಷ್ಟೇ ಇತ್ತು. ಹೆಚ್ಚಾದ ಐದು ಮೀಟರ್ ಪೂರ್ತಿ ಎಡಗಾಲಿನದು.

ಈಗ ನಾನು ದೈಹಿಕ ಶಿಕ್ಷಣ ಶಿಕ್ಷಕಿ. 2023ರಲ್ಲಿ ಅನ್ನು ರಾಣಿ ಬುಡಾಪೆಸ್ಟ್‌ನಲ್ಲಿ ಫೈನಲ್ ಮುಟ್ಟದೆ ವಾಪಸಾಗಿ, ಕೆಲವೇ ವಾರಗಳಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 62.92 ಮೀಟರ್ ಎಸೆದು ಚಿನ್ನ ಗೆದ್ದ ದಿನ, ಶಾಲೆಯ ಹುಡುಗಿಯರಿಗೆ ಆ ಎಸೆತ ತೋರಿಸಿದೆ. ಫೋನಿನ ಮೇಲರ್ಧಕ್ಕೆ ಕೈ ಅಡ್ಡ ಹಿಡಿದೇ ತೋರಿಸಿದೆ. ಅವರಿಗೆ ಮೊದಲು ಕಬ್ಬಿನ ಜಲ್ಲೆ, ಆಮೇಲೆ ಬಿದಿರು, ಆಮೇಲೆ 500 ಗ್ರಾಮಿನ ಜಾವೆಲಿನ್. 800 ಗ್ರಾಮಿನದನ್ನು ಮುಟ್ಟಲು ಬಿಡಲ್ಲ. ಮೊನ್ನೆ ಎಂಟನೇ ಕ್ಲಾಸಿನವಳೊಬ್ಬಳು ಜಲ್ಲೆ ಎಸೆದು, ಅದು ಬೀಳೋ ಮೊದಲೇ ಬಗ್ಗಿ ತನ್ನ ಹೆಜ್ಜೆ ಗುರುತು ನೋಡಿದಳು. "ಮಿಸ್, ಇನ್ನೂ ನಾಲ್ಕು ಬೆರಳು ಜಾರ್ತಿದೆ" ಅಂದಳು.