ಗಂಧಕದ ವಾಸನೆ ಮತ್ತು ಕೊಳ್ಳಿದೆವ್ವದ ಬೆಳಕು: ನನ್ನ ಅನುಭವ

ವಿವರಣೆಗೆ ಸಿಗದ ಬೆಳಕನ್ನು ಕಂಡವರಲ್ಲಿ ಹಲವರು ಅದೇ ಹೊತ್ತಿಗೆ ಗಂಧಕದ ವಾಸನೆಯೂ ಬಂದಿತೆಂದು ಹೇಳುತ್ತಾರೆ. ಈ ಮಾತನ್ನು ಅಳತೆಗೆ ಒಳಪಡಿಸಬಹುದೆಂದು ನಾನು ಹೇಳಿದಾಗ, ಇಂಥ ಬೆಳಕುಗಳ ಬೆನ್ನು ಹತ್ತುವ ಜೊತೆಗಾರರಲ್ಲಿ ಯಾರೂ ಒಪ್ಪಲಿಲ್ಲ. ಮೂಗನ್ನು ಉಪಕರಣವೆಂದು ನಂಬಲಾಗದು, ಹೆದರಿದವರ ಮೂಗನ್ನಂತೂ ನಂಬಲೇಬಾರದು ಎಂಬುದು ಅವರ ವಾದವಾಗಿತ್ತು. ಎರಡು ಚಳಿಗಾಲಗಳನ್ನು ಒಂದೇ ಜೌಗುನೆಲದ ಅಂಚಿನಲ್ಲಿ ಕಳೆದ ಮೇಲೆ, ಅಲ್ಲಿ ವಾಸನೆ ಮತ್ತು ಬೆಳಕು ಜೊತೆಯಾಗಿ ಬರುವುದು ನಿಜವೆಂದೂ, ಆದರೆ ಒಂದು ಇನ್ನೊಂದನ್ನು ಹುಟ್ಟಿಸುವುದಿಲ್ಲವೆಂದೂ ತೋರಿಸಲು ನನಗೆ ಸಾಧ್ಯವಾಯಿತು.

ಮೊದಲು ನಾನೂ ಎಲ್ಲರಂತೆ ಉರಿಯುವ ಅನಿಲದ ಬೆನ್ನು ಹತ್ತಿದೆ. 1776ರಲ್ಲಿ ಇಟಲಿಯ ವಿಜ್ಞಾನಿ ಅಲೆಸ್ಸಾಂಡ್ರೊ ವೋಲ್ಟಾ ಮಜ್ಜೋರೆ ಸರೋವರದ ಕೆಸರನ್ನು ಕಲಕಿ ಮೀಥೇನ್ ಹಿಡಿದಂತೆಯೇ ನಾನೂ ಕೋಲಿನಿಂದ ಕೆಸರು ಕಲಕಿ, ಮಗುಚಿದ ಆಲಿಕೆಯ ಕೆಳಗೆ ಗುಳ್ಳೆಗಳನ್ನು ಸೀಸೆಗೆ ತುಂಬಿಕೊಂಡು ಕಿಡಿ ತಾಗಿಸಿದೆ. ಮಂಕಾದ ನೀಲಿ ಜ್ವಾಲೆಯೊಂದು ಎದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಆರಿಹೋಯಿತು. ಹತ್ತು ಹೆಜ್ಜೆ ದೂರ ನಿಂತಿದ್ದ ಗೆಳೆಯನಿಗೆ ಅದು ಕಾಣಲೇ ಇಲ್ಲ. ಜನ ಗಂಧಕದ್ದೆನ್ನುವ ಕೊಳೆತ ಮೊಟ್ಟೆಯ ನಾತದ ಅನಿಲವಾದ ಹೈಡ್ರೋಜನ್ ಸಲ್ಫೈಡ್ ತಾನಾಗಿ ಹೊತ್ತಿಕೊಳ್ಳಲು ಸುಮಾರು 260 ಡಿಗ್ರಿ ಸೆಲ್ಸಿಯಸ್ ಬೇಕು, ಮೀಥೇನಿಗೆ ಅದಕ್ಕಿಂತಲೂ ಬಹಳ ಹೆಚ್ಚು ಬೇಕು. ಇಂಡೊನೇಷ್ಯಾದ ಕವಾ ಇಜೆನ್ ಜ್ವಾಲಾಮುಖಿಯಲ್ಲಿ ಗಂಧಕದ ನೀಲಿ ಬೆಂಕಿ ರಾತ್ರಿಯಿಡೀ ಉರಿಯುತ್ತದೆ ನಿಜ, ಆದರೆ ಅಲ್ಲಿ ಅನಿಲವು 600 ಡಿಗ್ರಿಯವರೆಗಿನ ಬಿಸಿಯಲ್ಲಿ ಬಿರುಕುಗಳಿಂದ ಹೊರಬರುತ್ತದೆ. ತಣ್ಣನೆಯ ಕೆಸರಿನಲ್ಲಿ ತಾನಾಗಿ ಕಿಡಿ ಹೊತ್ತಿಸಬಲ್ಲದ್ದೆಂದರೆ ರಂಜಕದ ಸಂಯುಕ್ತವಾದ ಡೈಫಾಸ್ಫೀನ್. ಅದರ ಜೊತೆಗೆ ಬರಬೇಕಾದ ಬೆಳ್ಳುಳ್ಳಿಯಂಥ ವಾಸನೆಯಾಗಲಿ ಬಿಳಿಯ ಹೊಗೆಯಾಗಲಿ ನನಗೆ ಒಂದು ರಾತ್ರಿಯೂ ಸಿಗಲಿಲ್ಲ.

ಹಣ ಹೋದದ್ದು ಸಂವೇದಕಗಳಿಗೆ. ಹೈಡ್ರೋಜನ್ ಸಲ್ಫೈಡನ್ನು ಗುರುತಿಸುವ ಎಂಕ್ಯೂ-136 ಸಂವೇದಕ ಅಗ್ಗವೆಂದು ನಾಲ್ಕನ್ನು ತಂದು, ಒಂದು ಹಗಲು ರಾತ್ರಿ ಕಾಯಿಸಿ, ಕಂಬಗಳಿಗೆ ಕಟ್ಟಿದೆ. ಇಬ್ಬನಿ ಏರಿದಂತೆ ಅವುಗಳ ಅಳತೆಯೂ ಏರುತ್ತಿತ್ತು. ನಾನು ಆರು ವಾರ ಸಂಭ್ರಮದಿಂದ ಬರೆದುಕೊಂಡದ್ದು ಅನಿಲವನ್ನಲ್ಲ, ತೇವಾಂಶವನ್ನು. ಆಮೇಲೆ ಸುಮಾರು ಒಂದೂವರೆ ತಿಂಗಳ ಸಂಪಾದನೆಯನ್ನು ಸುರಿದು ರಾಸಾಯನಿಕ ಕೋಶದಿಂದ ಅನಿಲವನ್ನು ಅಳೆಯುವ ಎಲೆಕ್ಟ್ರೋಕೆಮಿಕಲ್ ಮಾಪಕವೊಂದನ್ನು ಬಳಸಿದವರಿಂದ ಕೊಂಡೆ. ಅದರ ಕೋಶದ ಆಯುಷ್ಯ ಮುಗಿದಿತ್ತೆಂಬುದು, ಕೊಳೆತ ಮೊಟ್ಟೆಯ ನಾತ ಮುಖಕ್ಕೆ ಹೊಡೆಯುತ್ತಿರುವಾಗಲೂ ಅದು ಸೊನ್ನೆಯನ್ನೇ ತೋರಿಸಿದಾಗ ತಿಳಿಯಿತು. ಕೊನೆಗೆ ಕೈಹಿಡಿದದ್ದು, ನೂರು ವರ್ಷಕ್ಕೂ ಹಳೆಯದಾದ, ಬಹುತೇಕ ಖರ್ಚೇ ಇಲ್ಲದ ಲೆಡ್ ಅಸಿಟೇಟ್ ಕಾಗದ, ಅಂದರೆ ಸೀಸದ ಲವಣವನ್ನು ಹೀರಿಸಿದ ಕಾಗದದ ಪಟ್ಟಿ. ಹೈಡ್ರೋಜನ್ ಸಲ್ಫೈಡ್ ತಾಗಿದರೆ ಅದು ಕಂದು ಬಣ್ಣಕ್ಕೆ, ಹೆಚ್ಚಾದರೆ ಕಪ್ಪಿಗೆ ತಿರುಗುತ್ತದೆ. ಸೀಸ ವಿಷವಾದ್ದರಿಂದ ಕೈಗವಸು ಬಿಡಬಾರದು. ಪಟ್ಟಿಗಳು ಇಬ್ಬನಿಯಲ್ಲಿ ತೊಳೆದುಹೋಗದಂತೆಯೂ ಪೂರ್ತಿ ಒಣಗದಂತೆಯೂ ರಾತ್ರಿಯಿಡೀ ಕಾಪಾಡುವ ಬಗೆಯನ್ನು ನಾನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಒಂದು ಇಡೀ ಚಳಿಗಾಲ ಹಿಡಿದಿದೆ.

ಕಂಡವರನ್ನು ಕೇಳುವ ಕ್ರಮವನ್ನೂ ಬದಲಿಸಬೇಕಾಯಿತು. ‘ಗಂಧಕದ ವಾಸನೆ ಬಂತೇ’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಶುದ್ಧ ಗಂಧಕಕ್ಕೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲವೆಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಆದ್ದರಿಂದ ನಾನು ಮುಚ್ಚಳವಿರುವ ಸೀಸೆಗಳನ್ನು ಮುಂದಿಟ್ಟು ಮೂಸಿ ಆರಿಸಲು ಹೇಳತೊಡಗಿದೆ: ಒಂದರಲ್ಲಿ ಕೊಳೆತ ಮೊಟ್ಟೆ, ಒಂದರಲ್ಲಿ ಆಗಷ್ಟೇ ಗೀರಿದ ಬೆಂಕಿಕಡ್ಡಿ, ಒಂದರಲ್ಲಿ ಬೆಳ್ಳುಳ್ಳಿ, ಒಂದು ಖಾಲಿ. ಜೌಗಿನ ಬೆಳಕನ್ನು ಕಂಡವರಲ್ಲಿ ಮುಕ್ಕಾಲು ಪಾಲು ಜನ ಮೊಟ್ಟೆಯ ಸೀಸೆಯನ್ನೇ ಆರಿಸಿದರು. ಸಿಡಿಲಿನ ಬೆಳಕನ್ನು ಕಂಡ ಇಬ್ಬರು ಮಾತ್ರ ಯಾವುದನ್ನೂ ಒಪ್ಪದೆ, ಮೂಗು ಚುರುಗುಟ್ಟಿಸುವ ಬೇರೆ ವಾಸನೆ ಎಂದರು. ಅದು ಸಿಡಿಲು ಗಾಳಿಯಲ್ಲಿ ಹುಟ್ಟಿಸುವ ಓಝೋನ್ ಅನಿಲ ಇರಬೇಕೆಂದು ನನ್ನ ಊಹೆ. 1638ರಲ್ಲಿ ಇಂಗ್ಲೆಂಡಿನ ವೈಡ್‌ಕೂಂಬ್ ಚರ್ಚಿಗೆ ಬೆಂಕಿಯುಂಡೆ ನುಗ್ಗಿದಾಗಲೂ ಜನ ಗಂಧಕದ ವಾಸನೆ ಎಂದೇ ಹೇಳಿದ್ದರು. ರಸಾಯನವಿಜ್ಞಾನಿ ಶೋನ್‌ಬೈನ್ ಓಝೋನಿಗೆ ಹೆಸರಿಟ್ಟದ್ದು 1840ರಲ್ಲಿ, ಅಲ್ಲಿಯವರೆಗೆ ಆ ಅನಿಲಕ್ಕೆ ತನ್ನದೇ ಹೆಸರಿರಲಿಲ್ಲ.

ನಡುವೆ ಒಂದು ಮನೆಯ ಪ್ರಕರಣವೂ ನನ್ನ ಪಾಲಿಗೆ ಬಂತು. ಅಲ್ಲಿ ದೀಪಗಳು ತಾವಾಗಿ ಮಂಕಾಗಿ ಮತ್ತೆ ಬೆಳಗುತ್ತಿದ್ದವು, ಅದರ ಬೆನ್ನಿಗೇ ಕೊಳೆತ ಮೊಟ್ಟೆಯ ನಾತ ಹರಡುತ್ತಿತ್ತು. ಮೆಟ್ಟಿಲಿನ ಕೆಳಗಿನ ಕತ್ತಲಲ್ಲಿ ಹಳೆಯ ಸೀಸ-ಆಮ್ಲದ ಬ್ಯಾಟರಿಯೊಂದು ಮಿತಿಮೀರಿ ಚಾರ್ಜ್ ಆಗಿ ಮುಟ್ಟಲಾಗದಷ್ಟು ಕಾದಿತ್ತು. ಹಾಗೆ ಕಾದ ಬ್ಯಾಟರಿ ಹೈಡ್ರೋಜನ್ ಸಲ್ಫೈಡನ್ನು ಬಿಡುತ್ತದೆ. ನನ್ನ ಪಟ್ಟಿ ಹತ್ತು ನಿಮಿಷದಲ್ಲಿ ಕಂದಾಯಿತು. ಬ್ಯಾಟರಿ ಬದಲಾದ ಮೇಲೆ ಎರಡೂ ನಿಂತುಹೋದವು.

ಜೌಗಿನಲ್ಲಿ ದಾರಿ ತೋರಿಸಿದ್ದೂ ಪಟ್ಟಿಗಳೇ. ಬೆಳಕು ಕಂಡ ರಾತ್ರಿಗಳಲ್ಲಿ ಮೊಣಕಾಲಿನ ಎತ್ತರದ ಪಟ್ಟಿಗಳು ಕಂದಾಗಿರುತ್ತಿದ್ದವು, ತಲೆಯಿಂದ ಮೇಲಿನವು ಬಿಳಿಯಾಗಿಯೇ ಉಳಿಯುತ್ತಿದ್ದವು. ಈ ಅನಿಲ ಗಾಳಿಗಿಂತ ಸ್ವಲ್ಪ ಭಾರವೆಂದು ಹೇಳಿ ಸುಮ್ಮನಾಗುವಂತಿರಲಿಲ್ಲ, ಏಕೆಂದರೆ ಇಷ್ಟು ಅಲ್ಪ ಪ್ರಮಾಣದಲ್ಲಿ ಆ ಭಾರ ಯಾವ ಲೆಕ್ಕಕ್ಕೂ ಬರುವುದಿಲ್ಲ. ಅದನ್ನು ಕೆಳಗೆ ಒತ್ತಿ ಹಿಡಿದಿದ್ದದ್ದು ಬೇರೇನೋ ಇರಬೇಕಿತ್ತು. ಗಳುವೊಂದಕ್ಕೆ ನೆಲದ ಬಳಿ ಒಂದು, ಸುಮಾರು ಆರು ಮೀಟರ್ ಎತ್ತರದಲ್ಲಿ ಇನ್ನೊಂದು ಉಷ್ಣಮಾಪಕ ಕಟ್ಟಿದಾಗ, ಅಂಥ ರಾತ್ರಿಗಳಲ್ಲಿ ಮೇಲಿನ ಗಾಳಿ ಮೂರು ನಾಲ್ಕು ಡಿಗ್ರಿ ಬೆಚ್ಚಗಿರುವುದು ಕಂಡುಬಂತು. ಈ ತಾಪವಿಲೋಮದಲ್ಲಿ ನೆಲದ ತಣ್ಣನೆಯ ಗಾಳಿ ಮೇಲೇಳದೆ ಕೆಸರಿನ ಅನಿಲವನ್ನು ತನ್ನೊಳಗೇ ಹಿಡಿದಿಡುತ್ತದೆ. ಅದೇ ಪದರ ದೂರದ ಬೆಳಕನ್ನೂ ಬಾಗಿಸುತ್ತದೆ. ಆಸ್ಟ್ರೇಲಿಯಾದ ಬಯಲಿನಲ್ಲಿ ರಾತ್ರಿ ಕಾಣುವ ನಿಗೂಢ ಮಿನ್ ಮಿನ್ ಬೆಳಕು ಇಂಥ ಮರೀಚಿಕೆಯೆಂದು ಅಲ್ಲಿನ ನರವಿಜ್ಞಾನಿ ಜ್ಯಾಕ್ ಪೆಟ್ಟಿಗ್ರೂ 2003ರಲ್ಲಿ ಬರೆದಿದ್ದರು. ಸುಮಾರು 10 ಕಿಲೋಮೀಟರ್ ದೂರದ ವಾಹನದ ದೀಪದಿಂದ ಅವರು ಅದನ್ನು ಮರುಸೃಷ್ಟಿಸಿಯೂ ತೋರಿಸಿದ್ದರು. ಆದರೆ ಅದನ್ನು ವಾಸನೆಯ ಜೊತೆ ಸೇರಿಸಿ ನೋಡುವ ಯೋಚನೆ ನನ್ನ ಪರಿಚಯದ ಯಾರಿಗೂ ಬಂದಿರಲಿಲ್ಲ.

ಜೌಗಿನಿಂದ ಸುಮಾರು ಒಂಬತ್ತು ಕಿಲೋಮೀಟರ್ ದೂರದಲ್ಲಿ, ದಿಬ್ಬವೊಂದರ ಮರೆಯಲ್ಲಿ ರಸ್ತೆಯೊಂದಿದೆ. ಹಗಲಲ್ಲಿ ಅದು ಕಾಣುವುದಿಲ್ಲ. ಅತಿಯಾಗಿ ಸಂಶಯಪಡುತ್ತಿದ್ದ ಗೆಳೆಯನನ್ನೇ ಅಲ್ಲಿಗೆ ಕಳುಹಿಸಿ, ತನ್ನಿಷ್ಟದ ಲೆಕ್ಕದಲ್ಲಿ ವಾಹನದ ದೀಪವನ್ನು ಹಚ್ಚಿ ಆರಿಸಬೇಕೆಂದೂ, ಆ ಲೆಕ್ಕವನ್ನು ಮರುದಿನದವರೆಗೆ ನನಗೆ ಹೇಳಬಾರದೆಂದೂ ಕೇಳಿಕೊಂಡೆ. ನಡುರಾತ್ರಿ ಕಳೆದು ಒಂದೂವರೆಯ ಸುಮಾರಿಗೆ ನಾತ ಎದ್ದಿತು. ಇಪ್ಪತ್ತು ನಿಮಿಷದೊಳಗೆ ಜೊಂಡಿನ ಮೇಲೆ ನಡುಗುವ ಹಳದಿ ಬೆಳಕು ತೇಲತೊಡಗಿ, ಆರಿ, ಮತ್ತೆ ಹೊತ್ತಿತು. ನಾನು ಬರೆದುಕೊಂಡ ಲೆಕ್ಕ ಅವನ ಚೀಟಿಯೊಂದಿಗೆ ಹೊಂದಿಕೆಯಾಯಿತು. ಕ್ಯಾಮರಾದ ಮುಂದಿಟ್ಟಿದ್ದ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗ್ ಹಾಳೆಯಲ್ಲಿ 450 ನ್ಯಾನೋಮೀಟರಿನ ಬಳಿಯ ನೀಲಿ ಶಿಖರ ಸ್ಪಷ್ಟವಾಗಿತ್ತು, ಅಂದರೆ ಅದು ಬಿಳಿ ಎಲ್‌ಇಡಿ ದೀಪ. ಗಾಳಿ ಬೀಸುತ್ತಿದ್ದ ಇನ್ನೊಂದು ರಾತ್ರಿ ಇದೇ ಪ್ರಯೋಗ ಮಾಡಿದಾಗ ವಾಸನೆಯೂ ಇರಲಿಲ್ಲ, ಬೆಳಕೂ ಇರಲಿಲ್ಲ.

ಇದನ್ನು ಮಾಡಹೊರಟವರು ಮೂಗನ್ನು ಕಾವಲಿಗಿಡಬಾರದು. ಗಾಳಿಯ ಹತ್ತು ಲಕ್ಷ ಭಾಗಕ್ಕೆ 100 ಭಾಗದ ಸುಮಾರಿಗೆ ಹೈಡ್ರೋಜನ್ ಸಲ್ಫೈಡ್ ಮೂಗನ್ನೇ ಜಡಗೊಳಿಸುತ್ತದೆ, ನಾತ ಹೋಯಿತೆಂದು ನಂಬಿ ತಗ್ಗಿಗೆ ಇಳಿದವರು ಸತ್ತಿದ್ದಾರೆ.

ಸುಮಾರು ಅರವತ್ತು ರಾತ್ರಿಗಳಲ್ಲಿ ಕಂಡ ಹದಿನಾಲ್ಕೋ ಹದಿನೈದೋ ಬೆಳಕುಗಳಲ್ಲಿ ಎರಡು ಮಾತ್ರ ಈ ವಿವರಣೆಗೆ ಒಗ್ಗುತ್ತಿಲ್ಲ. ಎರಡೂ ರಾತ್ರಿ ಉಷ್ಣಮಾಪಕಗಳಲ್ಲಿ ವ್ಯತ್ಯಾಸವಿರಲಿಲ್ಲ, ಎಲ್ಲ ಎತ್ತರದ ಪಟ್ಟಿಗಳೂ ಕಂದಾಗಿದ್ದವು, ಬೆಳಕು ರಸ್ತೆಯ ದಿಕ್ಕಿನಲ್ಲಿರಲಿಲ್ಲ, ಮತ್ತು ಅದರ ರೋಹಿತವನ್ನು, ಅಂದರೆ ಬಣ್ಣಗಳ ಹಂಚಿಕೆಯನ್ನು, ಹಿಡಿಯಲಾಗದಷ್ಟು ಅದು ಮಂಕಾಗಿತ್ತು. ವಾಯುಭಾರ ಕುಸಿದಾಗ ಕೆಸರು ಹೆಚ್ಚು ಅನಿಲ ಬಿಡುವುದರಿಂದ ಈಗ ಗಳುವಿನ ಬುಡದಲ್ಲಿ ವಾಯುಭಾರಮಾಪಕವೊಂದನ್ನೂ ಇಟ್ಟಿದ್ದೇನೆ, ಹೆಚ್ಚು ಬೆಳಕು ಹಿಡಿಯುವ ಮಸೂರಕ್ಕಾಗಿ ಹಣ ಕೂಡಿಸುತ್ತಿದ್ದೇನೆ.