ಬದಲಾದ ಮಳೆಗೆ ಭತ್ತ ಹೊಂದಿಸುವುದು: ಮಲೆನಾಡಿನ ಗದ್ದೆಯಲ್ಲೇ ಬೀಜ ಆರಿಸುವ ವಿಧಾನ

2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ಬಡಾವಣೆಗಳಿಗೇ ನುಗ್ಗಿತು. 2023ರ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ಅದೇ ಗದ್ದೆ, ಅದೇ ಆಶ್ಲೇಷ-ಮಘೆಯ ಹೊತ್ತು. ಒಮ್ಮೆ ಪೈರು ನೀರಲ್ಲಿ ಮುಳುಗಿತು, ಇನ್ನೊಮ್ಮೆ ನೆಲ ಬಿರುಕು ಬಿಟ್ಟಿತು. ಇಂಥ ಹವೆಗೆ ತಕ್ಕ ಬೀಜ ಪೂರ್ತಿಯಾಗಿ ಅಂಗಡಿಯಲ್ಲಿ ಸಿಗುವುದಿಲ್ಲ. ಸ್ವಲ್ಪ ನಿಮ್ಮ ಗದ್ದೆಯಲ್ಲೇ ತಯಾರಾಗಬೇಕು. ಅದಕ್ಕೆ ಎರಡು ಗುಂಟೆ ಜಾಗ, ಕಾಲು ಕೆಜಿ ಬೀಜ, ನಾಲ್ಕೈದು ವರ್ಷದ ತಾಳ್ಮೆ ಬೇಕು.

ಶುರು ಮಾಡುವ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. "ಭತ್ತ ನಿಧಾನಕ್ಕೆ ನೀರಿಗೆ ಒಗ್ಗಿಕೊಳ್ಳುತ್ತದೆ" ಎನ್ನುವ ಮಾತಿದೆ. ಒಂದು ಗಿಡ ಹಾಗೆ ಒಗ್ಗಿಕೊಂಡು ಆ ಗುಣವನ್ನು ಮಕ್ಕಳಿಗೆ ಕೊಡುವುದಿಲ್ಲ. ಸಾವಿರಾರು ಗಿಡಗಳಲ್ಲಿ ಹುಟ್ಟಿನಿಂದಲೇ ವ್ಯತ್ಯಾಸ ಇರುತ್ತದೆ. ಮುಳುಗಡೆಯಲ್ಲಿ ಕೆಲವು ಸಾಯುತ್ತವೆ, ಕೆಲವು ಉಳಿಯುತ್ತವೆ. ಉಳಿದವುಗಳ ಬೀಜವೇ ಮುಂದಿನ ವರ್ಷ ಹೆಚ್ಚಾಗುತ್ತದೆ. ಬದಲಾಗುವುದು ಗಿಡವಲ್ಲ, ಬೀಜದ ರಾಶಿಯಲ್ಲಿ ಯಾವ ಬಗೆಯ ಗಿಡ ಎಷ್ಟು ಎಂಬ ಲೆಕ್ಕ. ಜೀವವಿಕಾಸ ಎಂದರೆ ಇದೇ. ವ್ಯತ್ಯಾಸವೇ ಇಲ್ಲದಿದ್ದರೆ ಆರಿಸಲು ಏನೂ ಇಲ್ಲ. ಡೆನ್ಮಾರ್ಕಿನ ಸಸ್ಯವಿಜ್ಞಾನಿ ಜೊಹಾನ್ಸೆನ್ 1903ರಲ್ಲೇ ಇದನ್ನು ಹುರುಳಿಕಾಯಿ ಬೀಜದಲ್ಲಿ ತೋರಿಸಿದ: ಒಂದೇ ಗಿಡದಿಂದ ಬಂದ ಶುದ್ಧ ಸಾಲಿನಲ್ಲಿ ದಪ್ಪ ಬೀಜ ಆರಿಸಿ ಬಿತ್ತಿದರೂ ಸಣ್ಣ ಬೀಜ ಬಿತ್ತಿದರೂ ಮುಂದಿನ ಬೆಳೆಯ ಬೀಜದ ಸರಾಸರಿ ತೂಕ ಅಷ್ಟೇ.

ಹಾಗಾಗಿ ಚೀಲದಲ್ಲಿ ಬರುವ ಪ್ರಮಾಣಿತ ತಳಿಯಲ್ಲಿ ಆರಿಸುತ್ತ ಕೂತರೆ ಶ್ರಮ ವ್ಯರ್ಥ. ಅದನ್ನು ಒಂದೇ ಥರ ಇರಲೆಂದೇ ಬೆಳೆಸಿರುತ್ತಾರೆ. ಹೈಬ್ರಿಡ್ ಬೀಜವಂತೂ ಈ ಕೆಲಸಕ್ಕೆ ಬೇಡ, ಎರಡನೇ ವರ್ಷವೇ ಪೈರು ಏರುಪೇರಾಗಿ ಇಳುವರಿ ಕುಸಿಯುತ್ತದೆ. ಬೇಕಾದದ್ದು ನಾಲ್ಕರಿಂದ ಆರು ತಳಿಗಳ ಮಿಶ್ರಣ. ಸಾಗರ, ಸೊರಬದ ನೆರೆಗದ್ದೆಗಳಲ್ಲಿ ನೆರೆಗುಳಿ, ಏಡಿಕುಣಿ, ಜೇನುಗೂಡು ಮುಂತಾದ ಹಳೆಯ ತಳಿಗಳು ಬೆಳೆದುಬಂದಿವೆ. ನಿಮ್ಮೂರಲ್ಲಿ ಹೆಸರು ಬೇರೆ ಇರಬಹುದು. ನೆರೆಗೆ ತಡೆದುಕೊಂಡವು ಎರಡು, ಬೆಂಕಿ ರೋಗ (ಬ್ಲಾಸ್ಟ್ ಎಂಬ ಶಿಲೀಂಧ್ರ ರೋಗ) ಕಡಿಮೆ ಬರುವಂಥದ್ದು ಒಂದು, ಕಾಳು ಚೆನ್ನಾಗಿ ಕಟ್ಟುವುದು ಒಂದು ಸೇರಿಸಿ. ಎರಡು ಷರತ್ತು ಬಿಡಬೇಡಿ. ಎಲ್ಲವೂ ಹತ್ತು ದಿನದ ಅಂತರದೊಳಗೆ ಕೊಯ್ಲಿಗೆ ಬರಬೇಕು, ಮತ್ತು ಅಕ್ಕಿಯ ಬಣ್ಣ ಒಂದೇ ಇರಬೇಕು. ಕೆಂಪಕ್ಕಿ-ಬಿಳಿಯಕ್ಕಿ ಬೆರೆತರೆ ಮಿಲ್ಲಿನಲ್ಲೂ ಕಷ್ಟ, ಮಾರಾಟದಲ್ಲೂ ಕಷ್ಟ.

ತಳಿ ಬೆರೆಸುವುದರಿಂದ ರೋಗಕ್ಕೂ ತಡೆಯಿದೆ. ಚೀನಾದ ಯುನ್ನಾನ್‌ನಲ್ಲಿ ಬೆಂಕಿ ರೋಗಕ್ಕೆ ಸುಲಭವಾಗಿ ತುತ್ತಾಗುವ ಅಂಟಕ್ಕಿ ತಳಿಯನ್ನು ನಿರೋಧಕ ತಳಿಯೊಂದಿಗೆ ಸಾಲುಸಾಲಾಗಿ ಬೆಳೆದಾಗ ಅಂಟಕ್ಕಿಯಲ್ಲಿ ರೋಗ ಶೇ. 94ರಷ್ಟು ಇಳಿಯಿತು; ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಭತ್ತ ತನ್ನ ಹೂವಿನ ಪರಾಗದಿಂದಲೇ ಕಾಳು ಕಟ್ಟುತ್ತದೆ, ಪಕ್ಕದ ಗಿಡದೊಂದಿಗೆ ಕೂಡುವುದು ಸಾಮಾನ್ಯವಾಗಿ ನೂರರಲ್ಲಿ ಒಂದೂ ಇಲ್ಲ. ಆದ್ದರಿಂದ ಮೊದಲ ವರ್ಷಗಳಲ್ಲಿ ನೀವು ಕಾಣುವುದು ಒಗ್ಗುವ ತಳಿಯ ಪಾಲು ಏರುವುದನ್ನು. ಹೊಸ ಕೂಡಿಕೆಗಳು ನಿಧಾನಕ್ಕೆ, ಅಪರೂಪಕ್ಕೆ ಬರುತ್ತವೆ.

ಮಡಿ ಮತ್ತು ನಾಟಿ

ಎರಡು ಗುಂಟೆ ಎಂದರೆ ಸುಮಾರು 200 ಚದರ ಮೀಟರ್. 25 ಸೆಂ.ಮೀ. ಅಂತರದಲ್ಲಿ ಬುಡಕ್ಕೆ ಒಂದೇ ಸಸಿ ನೆಟ್ಟರೆ 3,200 ಗಿಡ. ಇಷ್ಟಕ್ಕೆ ನೂರು ಗ್ರಾಂ ಬೀಜವೂ ಸಾಲುತ್ತದೆ, ಆದರೆ ಹಕ್ಕಿ, ಏಡಿ, ಮೊಳೆಯದ ಕಾಳು ಎಲ್ಲ ಲೆಕ್ಕ ಹಿಡಿದು ಕಾಲು ಕೆಜಿ ಹಾಕಿ. ಬುಡಕ್ಕೆ ಮೂರ್ನಾಲ್ಕು ಸಸಿ ನೆಡುವ ರೂಢಿಯನ್ನು ಇಲ್ಲಿ ಬಿಡಲೇಬೇಕು. ನಾಲ್ಕು ಗಿಡ ಒಂದೇ ಬುಡದಲ್ಲಿದ್ದರೆ ಒಳ್ಳೆಯ ತೆನೆ ಯಾವುದರದ್ದು ಎಂದು ಯಾರೂ ಹೇಳಲಾರರು.

ಜಾಗದ ಆಯ್ಕೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಬೀಜದ ಗದ್ದೆ ಎಂದು ಒಳ್ಳೆಯ ಮಣ್ಣು, ಬಸಿಗಾಲುವೆ, ಕೈಗೆಟಕುವ ನೀರು ಇರುವ ಕಡೆ ನೆಡುತ್ತಾರೆ. ಅಲ್ಲಿ ಎಲ್ಲವೂ ಬದುಕುತ್ತವೆ, ಯಾವುದೂ ಪರೀಕ್ಷೆಗೆ ಬೀಳುವುದಿಲ್ಲ. ನೆರೆ ನಿಮ್ಮ ಸಮಸ್ಯೆಯಾದರೆ ನೀರು ನಿಲ್ಲುವ ಬೈಲುಗದ್ದೆಯಲ್ಲೇ ನೆಡಿ; ಮಳೆ ಕೈಕೊಡುವುದು ಸಮಸ್ಯೆಯಾದರೆ ನೀರು ನಿಲ್ಲದ ಎತ್ತರದ ಮಕ್ಕಿಗದ್ದೆಯಲ್ಲಿ. ಎರಡಕ್ಕೂ ಒಂದೇ ಬೀಜ ಬೇಕೆಂಬ ಆಸೆ ಬೇಡ, ಎರಡು ರಾಶಿ ಬೇರೆಬೇರೆ ಇಡಿ. ಬೇರೆ ತಳಿಯ ಗದ್ದೆಯಿಂದ 3 ಮೀಟರ್ ದೂರ ಸಾಕು. ಯೂರಿಯಾ ಜಾಸ್ತಿ ಸುರಿಯಬೇಡಿ, ಬೆಂಕಿ ರೋಗವೂ ಪೈರು ನೆಲಕ್ಕೆ ಮಲಗುವುದೂ ಹೆಚ್ಚುತ್ತದೆ.

ನಾಟಿಯಾದ ಮೇಲೆ ಗೂಟ, ಹಗ್ಗದಿಂದ 2 ಮೀಟರ್ ಉದ್ದ-ಅಗಲದ 50 ಚೌಕ ಮಾಡಿ. ಪ್ರತಿ ಚೌಕದಲ್ಲಿ ಸುಮಾರು 64 ಗಿಡ. ಆರಿಸುವಾಗ ಪ್ರತಿ ಚೌಕದಿಂದ ಎಂಟು ಅಥವಾ ಹತ್ತು. ಇಡೀ ಗದ್ದೆಯಲ್ಲಿ ಸುತ್ತಾಡಿ ಕಣ್ಣಿಗೆ ಬಿದ್ದ ದೊಡ್ಡ ತೆನೆ ಕೊಯ್ದರೆ ಗೊಬ್ಬರ ಹೆಚ್ಚು ಬಿದ್ದ ಮೂಲೆಯ ಗಿಡಗಳೇ ಕೈಗೆ ಬರುತ್ತವೆ, ಆ ಗುಣ ಬೀಜದಲ್ಲಿ ಇರುವುದಿಲ್ಲ. ಬದುವಿನ ಪಕ್ಕದ ಎರಡು ಸಾಲುಗಳನ್ನೂ ಮುಟ್ಟಬೇಡಿ. ಅಲ್ಲಿ ಬೆಳಕು, ಗಾಳಿ, ಬೇರಿಗೆ ಜಾಗ ಎಲ್ಲ ಹೆಚ್ಚು, ಗಿಡ ಸುಮ್ಮನೆ ಸೊಂಪಾಗಿ ಕಾಣುತ್ತದೆ.

ಯಾವಾಗ, ಏನನ್ನು ನೋಡಿ ಗುರುತು ಹಾಕಬೇಕು

ಬಣ್ಣದ ದಾರ ಇಟ್ಟುಕೊಳ್ಳಿ; ಒಂದೊಂದು ಗುಣಕ್ಕೆ ಒಂದೊಂದು ಬಣ್ಣ.

ನೆರೆ ಇಳಿದ ದಿನವೇ ಗದ್ದೆಗೆ ಇಳಿಯಬೇಡಿ. ಮುಳುಗಿದಾಗ ಭತ್ತ ಎರಡು ದಾರಿ ಹಿಡಿಯುತ್ತದೆ. ಕೆಲವು ಗಿಡ ನೀರಿನ ಮೇಲೆ ತಲೆ ಎತ್ತಲು ಸರಸರ ಉದ್ದವಾಗುತ್ತವೆ, ಕೆಲವು ಬೆಳವಣಿಗೆ ನಿಲ್ಲಿಸಿ ಹಿಟ್ಟಿನಂಶ ಉಳಿಸಿಕೊಂಡು ಕಾಯುತ್ತವೆ. ನಾಲ್ಕೈದು ದಿನ, ವಾರ ನಿಂತು ಇಳಿಯುವ ನೆರೆಯಲ್ಲಿ ಮೊದಲನೆಯವು ಸೋಲುತ್ತವೆ: ಇದ್ದ ಶಕ್ತಿಯೆಲ್ಲ ಖರ್ಚಾಗಿ, ನೀರಿಳಿದ ಮೇಲೆ ಮಲಗಿ ಕೊಳೆಯುತ್ತವೆ. ಇಳಿದ ದಿನ ಮಾತ್ರ ಅವೇ ಹಸಿರಾಗಿ, ಎತ್ತರವಾಗಿ ಚೆಂದ ಕಾಣುವುದು! ಏಳರಿಂದ ಹತ್ತು ದಿನ ಬಿಟ್ಟು ಹೊಸ ಎಲೆ ಚಿಗುರಿಸಿದ ಗಿಡಕ್ಕೆ ದಾರ ಕಟ್ಟಿ. ಒಡಿಶಾದ ಎಫ್‌ಆರ್ 13ಎ ತಳಿಯಲ್ಲಿ ಈ ಕಾಯುವ ಗುಣದ ವಂಶವಾಹಿ, ಸಬ್1ಎ, 2006ರಲ್ಲಿ ಗುರುತಾಯಿತು. ಅದನ್ನು ಸೇರಿಸಿದ ಸ್ವರ್ಣ-ಸಬ್1 2009ರಲ್ಲಿ ಬಿಡುಗಡೆಯಾಗಿ, ಸುಮಾರು ಎರಡು ವಾರದ ಮುಳುಗಡೆ ತಡೆಯುತ್ತದೆ. ಎಫ್‌ಆರ್ 13ಎ ಕೂಡ ರೈತರ ನೆರೆಗದ್ದೆಯಿಂದ ಬಂದ ತಳಿಯೇ.

ಹೂ ಬಿಡುವ ದಿನ ಬರೆದಿಡಿ. ಹಳೆಯ ತಳಿಗಳಲ್ಲಿ ಹಲವು ಹಗಲು ಚಿಕ್ಕದಾಗುವುದನ್ನು ಕಾದು ಹೊಡೆ ಹೊರುತ್ತವೆ. ಮಳೆ ತಡವಾಗಿ ನಾಟಿ ಹದಿನೈದು ದಿನ ಹಿಂದೆ ಬಿದ್ದರೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ ತೆನೆ. ಬಿತ್ತಿ ಇಂತಿಷ್ಟು ದಿನಕ್ಕೇ ತೆನೆ ಬಿಡುವ ದಿನದ ಲೆಕ್ಕದ ತಳಿಗಳು ನಾಟಿ ತಡವಾದಷ್ಟೂ ತಡವಾಗುತ್ತವೆ, ಕೊನೆಗೆ ನೀರಿಲ್ಲದೆ ಜೊಳ್ಳಾಗುತ್ತವೆ.

ಕಾಳು ಬಲಿಯುವಾಗ ಕುತ್ತಿಗೆ ಬೆಂಕಿ (ತೆನೆಯ ಬುಡಕ್ಕೆ ತಗಲುವ ಬೆಂಕಿ ರೋಗ) ಬಂದ ಗಿಡದ ದಾರ ಬಿಚ್ಚಿಬಿಡಿ, ತೆನೆ ಎಷ್ಟೇ ದೊಡ್ಡದಿರಲಿ.

ಚಿತ್ತೆ-ಸ್ವಾತಿಯಲ್ಲಿ ಮಳೆ ಸುರಿದು ಪೈರು ಮಲಗಿದರೆ ಅದೂ ಒಂದು ಪರೀಕ್ಷೆ. ತೆನೆಯಲ್ಲೇ ಮೊಳಕೆ ಒಡೆದವನ್ನು ಕೈಬಿಡಿ. ಒದ್ದೆಯಾದರೂ ಮೊಳೆಯದವುಗಳಲ್ಲಿ ನಿದ್ರಾಗುಣ ಇದೆ. ಕೊಯ್ಲಿನ ಹೊತ್ತಿಗೆ ಮಳೆ ಬರುವ ಈಗಿನ ವರ್ಷಗಳಲ್ಲಿ ಇದಕ್ಕಿಂತ ಬೆಲೆಬಾಳುವ ಗುಣ ಕಡಿಮೆ. ಇದರ ಇನ್ನೊಂದು ಮುಖವನ್ನೂ ನೆನಪಿಡಿ: ಇಂಥ ಬೀಜವನ್ನು ಕೊಯ್ದ ಹದಿನೈದು ದಿನಕ್ಕೇ ಮೊಳಕೆಗೆ ಇಟ್ಟರೆ ಅರ್ಧವೂ ಮೊಳೆಯದು, "ಬೀಜ ಸರಿಯಿಲ್ಲ" ಎಂದು ಎಸೆಯುತ್ತೀರಿ. ಎರಡು ತಿಂಗಳು ಕಾಯಿರಿ.

ಕೊಯ್ಲು, ಒಣಗಿಸುವುದು, ಕಾಪಿಡುವುದು

ದಾರ ಉಳಿದ 400ರಿಂದ 500 ಗಿಡಗಳಿಂದ ತಲಾ ಎರಡು ಮೂರು ತೆನೆ ಕೊಯ್ದರೆ ಮೂರು ಕೆಜಿ ಸುಮಾರು ಬೀಜ ಸಿಗುತ್ತದೆ. ಪ್ರತಿ ಗಿಡದಿಂದ ಹೆಚ್ಚುಕಡಿಮೆ ಒಂದೇ ಪಾಲು ತೆಗೆಯಿರಿ. ಹತ್ತಿಪ್ಪತ್ತು ಅತ್ಯುತ್ತಮ ಗಿಡಗಳಿಗೇ ಇಳಿಸಬೇಡಿ. ವ್ಯತ್ಯಾಸ ಕಳೆದುಹೋಗಿ ಮುಂದಿನ ಬೇರೆ ಬಗೆಯ ವರ್ಷಕ್ಕೆ ಆರಿಸಲು ಏನೂ ಉಳಿಯುವುದಿಲ್ಲ.

ಬೆಳಗಿನ, ಸಂಜೆಯ ಬಿಸಿಲಲ್ಲಿ ಒಣಗಿಸಿ, ಮಧ್ಯಾಹ್ನ ನೆರಳಿಗೆ ಎಳೆಯಿರಿ. ತೇವಾಂಶ ಶೇ. 12-13ಕ್ಕೆ ಇಳಿಯಬೇಕು, ಹಲ್ಲಿಗೆ ಇಟ್ಟರೆ ಕಾಳು ಕಟ್ಟೆಂದು ಮುರಿಯಬೇಕು, ಜಜ್ಜಿದಂತಾಗಬಾರದು. ತೇವಾಂಶ ಶೇ. 1 ಇಳಿದರೆ ಬೀಜದ ಆಯಸ್ಸು ಸುಮಾರು ಎರಡರಷ್ಟಾಗುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಿ ಗೋಣಿಚೀಲದ ಬೀಜ ಮತ್ತೆ ನೀರು ಕುಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು ಬಿತ್ತುವ ಹೊತ್ತಿಗಷ್ಟೇ ತೆರೆಯಿರಿ.

ಬಿತ್ತುವ ಎರಡು ವಾರ ಮೊದಲು 100 ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡಿ. 80ಕ್ಕಿಂತ ಕಡಿಮೆ ಮೊಳೆತರೆ ಬೀಜ ಹೆಚ್ಚು ಹಾಕಬೇಕು. ಜೊಳ್ಳು ತೆಗೆಯಲು ಬಿತ್ತುವ ದಿನ ಉಪ್ಪುನೀರು: 10 ಲೀಟರಿಗೆ ಒಂದೂವರೆ ಕೆಜಿಯಿಂದ ಶುರುಮಾಡಿ, ಹೊಸ ಕೋಳಿಮೊಟ್ಟೆ ತೇಲಿ ನಾಣ್ಯದಷ್ಟು ಅಗಲ ಮೇಲೆ ಕಾಣುವವರೆಗೆ ಉಪ್ಪು ಸೇರಿಸಿ. ಮುಳುಗಿದ ಕಾಳನ್ನು ಎರಡು ಮೂರು ಸಲ ಸಿಹಿನೀರಲ್ಲಿ ತೊಳೆಯದಿದ್ದರೆ ಉಪ್ಪೇ ಮೊಳಕೆಯನ್ನು ಸುಡುತ್ತದೆ.

ಪ್ರತಿ ವರ್ಷದ ಬೀಜದಲ್ಲಿ ಐದನೇ ಒಂದು ಭಾಗವನ್ನು ಬಿತ್ತದೆ ತೆಗೆದಿಟ್ಟು, ಮುಂದಿನ ವರ್ಷದ ಬೀಜಕ್ಕೆ ಬೆರೆಸಿ. ಒಂದು ವರ್ಷ ಬರೀ ನೆರೆ, ಮರುವರ್ಷ ಬರೀ ಬರ ಬಂದರೆ ಒಂದೇ ಕಡೆಗೆ ವಾಲದಂತೆ ಇದು ತಡೆಯುತ್ತದೆ. ಮೊದಲ ಮೂರು ವರ್ಷ ಮುಖ್ಯ ಗದ್ದೆಯನ್ನು ಈ ಬೀಜಕ್ಕೆ ಬಿಟ್ಟುಕೊಡಬೇಡಿ. ಪಕ್ಕದಲ್ಲಿ ಮೂಲ ಮಿಶ್ರಣದ್ದೇ ಒಂದು ಗುಂಟೆ ಬೆಳೆದು, ಎರಡರ ಭತ್ತವನ್ನೂ ಗುಂಟೆವಾರು ತೂಗಿ ನೋಡಿ. ಬೀಜವನ್ನು ನೆರೆಹೊರೆಯವರೊಂದಿಗೆ ಹಂಚಿಕೊಳ್ಳಲು ಅಡ್ಡಿಯಿಲ್ಲ: ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001, ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳುವ, ಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಸಂರಕ್ಷಿತ ತಳಿಯನ್ನು ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ.