ಎಲ್‌ಕೆಜಿ ಮಕ್ಕಳ ವ್ಯಾನಿಗೆ ಡೀಸೆಲ್ ಹಾಕುವವರು ಯಾರು?

ವ್ಯಾನ್ ಕೊಡಿಸುವವರು ಹೇಗಾದರೂ ಸಿಗುತ್ತಾರೆ. ಅದನ್ನು ಓಡಿಸಲು ದುಡ್ಡು ಕೊಡುವವರು ಸಿಗುವುದು ಕಷ್ಟ. ಪುತ್ತೂರು ತಾಲೂಕಿನ ಒಳಭಾಗದ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ವಾಹನದ ಲೆಕ್ಕ ಬರೆಯುತ್ತಿರುವುದು ನಾನು. ಹಗಲು ಸಹಕಾರಿ ಸಂಘದಲ್ಲಿ ಗುಮಾಸ್ತ, ಸಂಜೆ ಹಳೆ ವಿದ್ಯಾರ್ಥಿ ಟ್ರಸ್ಟಿನ ಕೋಶಾಧಿಕಾರಿ.

ಸರ್ಕಾರ 2019-20ರಲ್ಲಿ 276 ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಿತು. ನಮ್ಮ ಶಾಲೆ ಆ ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಮತ್ತು ಟ್ರಸ್ಟ್ ಸೇರಿ ತರಗತಿ ಶುರು ಮಾಡಿದೆವು. ಕೋಣೆ, ಕರೆಂಟು ಸರ್ಕಾರದ್ದು. ಗೌರವ ಶಿಕ್ಷಕಿಯ ಸಂಬಳ ಊರಿನದು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಹೀಗೆ ನಡೆಯುವ ಶಾಲೆಗಳು ಬೇಕಾದಷ್ಟಿವೆ. ಕಾರಣ ಎಲ್ಲರಿಗೂ ಗೊತ್ತಿರುವುದೇ. ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ಬಸ್ಸು ಮನೆಯ ಗೇಟಿಗೇ ಬರುತ್ತದೆ. ಎಲ್‌ಕೆಜಿಗೆ ಅದನ್ನು ಹತ್ತಿದ ಮಗು 1ನೇ ತರಗತಿಗೆ ನಮ್ಮಲ್ಲಿಗೆ ಬರುವುದಿಲ್ಲ.

ನಾಲ್ಕು ವರ್ಷದ ಮಗುವಿನ ಪ್ರಯಾಣಕ್ಕೆ ಸರ್ಕಾರದ ಯಾವ ಲೆಕ್ಕ ಶೀರ್ಷಿಕೆಯಲ್ಲಿ ಹಣ ಸಿಗುತ್ತದೆ ಎಂದು ಮೊದಲು ಹುಡುಕಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕ ಶುರುವಾಗುವುದೇ 6 ವರ್ಷಕ್ಕೆ. 3ರಿಂದ 6 ವರ್ಷದವರ ಬಗ್ಗೆ 11ನೇ ಸೆಕ್ಷನ್ ಇದೆ, ಆದರೆ ಅದು ಸರ್ಕಾರ ವ್ಯವಸ್ಥೆ ಮಾಡಬಹುದು ಎನ್ನುತ್ತದೆಯೇ ಹೊರತು ಮಾಡಲೇಬೇಕು ಎನ್ನುವುದಿಲ್ಲ. ಕೇಂದ್ರದ ಶಾಲಾ ಶಿಕ್ಷಣ ಯೋಜನೆ ಸಮಗ್ರ ಶಿಕ್ಷಾದಲ್ಲಿ ಸಾರಿಗೆ ಭತ್ಯೆ ಇದೆ, ಮಗುವಿಗೆ ವರ್ಷಕ್ಕೆ ಗರಿಷ್ಠ 6,000 ರೂಪಾಯಿ. ಅದು ಹತ್ತಿರದಲ್ಲಿ ಶಾಲೆಯಿಲ್ಲದ ಜನವಸತಿಯ ಶಾಲಾ ಮಕ್ಕಳಿಗೆ. ಏಳನೆಯ ತರಗತಿಯ ಹುಡುಗ ತೋಟದ ಬದುವಿನಲ್ಲಿ ನಡೆದು, ತೋಡು ದಾಟಿ ಬಂದಾನು. ಜುಲೈ ಮಳೆಯಲ್ಲಿ ಕಾಲುಸಂಕದ ಮೇಲೆ ನಡೆಸಬಾರದ ಪುಟಾಣಿಗೆ ಮಾತ್ರ ಯಾವ ಶೀರ್ಷಿಕೆಯೂ ಇಲ್ಲ.

ವಾಹನಕ್ಕೆ ದಾರಿಗಳಿವೆ. ಜನಪ್ರತಿನಿಧಿಗಳ ನಿಧಿ, ಕಂಪನಿಗಳ ಸಿಎಸ್‌ಆರ್ (ಸಮಾಜದ ಕೆಲಸಕ್ಕೆಂದು ಕೊಡುವ ಹಣ), ಮುಂಬೈ ಮತ್ತು ಗಲ್ಫ್‌ನಲ್ಲಿರುವ ಹಳೆ ವಿದ್ಯಾರ್ಥಿಗಳು. ಸಂಸದರ ನಿಧಿಯ ನಿಯಮದಲ್ಲೇ ವರ್ಷವರ್ಷ ಬರುವ ಖರ್ಚಿಗೆ ಅವಕಾಶವಿಲ್ಲ. ಸಿಎಸ್‌ಆರ್‌ನವರು ಕೂಡ ಫೋಟೋ ತೆಗೆಯಬಹುದಾದ್ದನ್ನೇ ಇಷ್ಟಪಡುತ್ತಾರೆ (ತಪ್ಪೆನ್ನುವುದಿಲ್ಲ, ಅವರೂ ವರದಿ ಕೊಡಬೇಕಲ್ಲ). ಆ ಹಣ ಪಡೆಯಲು ಟ್ರಸ್ಟಿಗೆ 12ಎ, 80ಜಿ ನೋಂದಣಿ (ಟ್ರಸ್ಟಿಗೂ ದಾನಿಗೂ ಆದಾಯ ತೆರಿಗೆ ವಿನಾಯಿತಿ ಕೊಡುವಂಥದ್ದು) ಬೇಕು, 2021ರಿಂದ ಸಿಎಸ್‌ಆರ್-1 ಎಂಬ ನೋಂದಣಿ ಅರ್ಜಿಯೂ ಬೇಕು. ಇದನ್ನೆಲ್ಲ ಮೊದಲೇ ಮಾಡಿಟ್ಟುಕೊಳ್ಳಿ. ಮಾರ್ಚಿನಲ್ಲಿ ಯಾರಾದರೂ "ಉಳಿದ ಹಣ ಇದೆ, ಕಾಗದ ಕಳಿಸಿ" ಎಂದಾಗ ನೋಂದಣಿಗೆ ಓಡಿದರೆ ಆಗುವುದಿಲ್ಲ.

ಒಬ್ಬರು ತಮ್ಮ ಸಂಸ್ಥೆಯ ಹಳೆಯ ಬಸ್ಸನ್ನು ಪುಕ್ಕಟೆ ಕೊಡುತ್ತೇನೆಂದರು. ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎನ್ನುತ್ತಾರೆ, ನಾನು ನೋಡಿದೆ. ಎಂಟು ವರ್ಷ ದಾಟಿದ ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ (ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಆಗಬೇಕು, ಅದಕ್ಕಿಂತ ಹೊಸದಕ್ಕೆ ಎರಡು ವರ್ಷಕ್ಕೊಮ್ಮೆ ಸಾಕು. ಪ್ರತಿ ಎಫ್‌ಸಿಗೆ ಮುಂಚೆ ಪೈಂಟು, ವೆಲ್ಡಿಂಗ್, ಬ್ರೇಕು. ಕೈಮುಗಿದು ಬೇಡವೆಂದೆವು. ಮತ್ತೊಂದು ವರ್ಷ ಕಾದು ಸಣ್ಣ ಹೊಸ ವ್ಯಾನ್ ತಗೊಂಡೆವು.

ಆರ್‌ಸಿ (ವಾಹನದ ನೋಂದಣಿ ಪತ್ರ) ಶಾಲೆಯ ಹೆಸರಿನಲ್ಲೇ ಇರಲಿ ಎಂದು ಹಟ ಹಿಡಿದೆ. ಮೋಟಾರು ವಾಹನ ಕಾಯ್ದೆಯಲ್ಲಿ ಶಿಕ್ಷಣ ಸಂಸ್ಥೆಯ ಬಸ್ಸು ಎಂದರೆ ಸಂಸ್ಥೆಯ ಒಡೆತನದ್ದು, ಮಕ್ಕಳನ್ನೂ ಸಿಬ್ಬಂದಿಯನ್ನೂ ಮಾತ್ರ ಸಾಗಿಸುವಂಥದ್ದು. ಅಂಥ ಬಸ್ಸಿಗೆ 2022ರಿಂದ ಥರ್ಡ್ ಪಾರ್ಟಿ ವಿಮೆಯ ಪ್ರೀಮಿಯಂನಲ್ಲಿ ಶೇ. 15 ರಿಯಾಯಿತಿ ಇದೆ. ಆ "ಮಾತ್ರ" ಎಂಬುದು ಊರಿನಲ್ಲಿ ನನ್ನನ್ನು ಕೆಟ್ಟವನನ್ನಾಗಿ ಮಾಡಿತು. ಮದುವೆಗೆ ಕೇಳಿದರು, ಭೂತದ ನೇಮಕ್ಕೆ ಕೇಳಿದರು, ಧರ್ಮಸ್ಥಳಕ್ಕೆ ಕೇಳಿದರು. "ಭಾನುವಾರ ಸುಮ್ಮನೆ ನಿಂತಿರ್ತದಲ್ವಾ ಮಾರಾಯ್ರೇ, ಡೀಸೆಲ್ ನಾವೇ ಹಾಕ್ತೇವೆ." ದಾರಿಯಲ್ಲಿ ಏನಾದರೂ ಆದರೆ ವಿಮೆ ಕಂಪನಿ ಕೈ ಎತ್ತುತ್ತದೆ ಎಂದು ಹೇಳಿ ಹೇಳಿ ಈಗ ಕೇಳುವುದು ಕಡಿಮೆಯಾಗಿದೆ.

ಇನ್ನು ಓಡಿಸುವ ಖರ್ಚು. ಅದನ್ನು ಏರಿಸುವುದೂ ಇಳಿಸುವುದೂ ಡೀಸೆಲ್ ದರಕ್ಕಿಂತ ಹೆಚ್ಚಾಗಿ ಶಾಲೆಯ ಗಂಟೆ. ಎಲ್‌ಕೆಜಿಯನ್ನು ಮಧ್ಯಾಹ್ನ ಬಿಟ್ಟು ದೊಡ್ಡವರನ್ನು ಸಂಜೆ ಬಿಟ್ಟರೆ ಒಂದೇ ದಾರಿಯಲ್ಲಿ ವ್ಯಾನ್ ಎರಡು ಸಲ ಓಡಬೇಕು. ಲೀಟರಿಗೆ 10 ಕಿ.ಮೀ. ಕೊಡುವ ವ್ಯಾನ್ 25 ಕಿ.ಮೀ. ಹೆಚ್ಚು ಓಡಿತೆಂದರೆ ದಿನಕ್ಕೆ ಎರಡೂವರೆ ಲೀಟರ್ ಹೋಯಿತು. ತಿಂಗಳಿಗೆ ಲೆಕ್ಕ ಹಾಕಿದರೆ ಆಯಾಗೆ ಕೊಡುವ ಗೌರವಧನದ ದೊಡ್ಡ ಪಾಲು ಅಲ್ಲೇ ಸೋರುತ್ತದೆ. ಚಿಕ್ಕವರನ್ನೂ ಸಂಜೆವರೆಗೆ ಇಟ್ಟುಕೊಳ್ಳೋಣ ಎಂದು ನಾನೇ ಸೂಚಿಸಿದೆ. ಟೀಚರ್ ಒಪ್ಪಲಿಲ್ಲ. "ಇದು ಮಕ್ಕಳಿಗಾಗಿಯೋ, ನಿಮ್ಮ ಡೀಸೆಲ್ಲಿಗಾಗಿಯೋ?" ಎಂದು ಸಭೆಯಲ್ಲೇ ಕೇಳಿದರು. ಎರಡಕ್ಕೂ ಎಂದೆ, ಅದು ನಿಜವೂ ಹೌದು. ಅವರು ಹಾಕಿದ ಷರತ್ತು ಮೂರು: ಬಿಸಿಯೂಟ, ಚಾಪೆ, ಊಟದ ಮೇಲೆ ಪಾಠವಿಲ್ಲ. 2021ರಲ್ಲಿ ಬಂದ ಪಿಎಂ ಪೋಷಣ್ ಯೋಜನೆಯಲ್ಲಿ 1ನೇ ತರಗತಿಗೆ ಮುಂಚಿನ ಬಾಲವಾಟಿಕೆಯ ಮಕ್ಕಳಿಗೂ ಊಟ ಸೇರಿದೆ. ನಮ್ಮದು ಇಲಾಖೆಯ ಪಟ್ಟಿಯಲ್ಲಿಲ್ಲದ ತರಗತಿ, ಹಾಗಾಗಿ ಅಕ್ಕಿ ಟ್ರಸ್ಟಿನದು, ತೆಂಗಿನಕಾಯಿ, ಸೌತೆಕಾಯಿ ಊರಿನ ತೋಟಗಳದ್ದು. ಅಷ್ಟು ಖರ್ಚು ಹಿಡಿದರೂ ಎರಡನೇ ಟ್ರಿಪ್ಪಿಗಿಂತ ಅಗ್ಗವಾಯಿತು. ತರಗತಿಯ ಆಯಾರೇ ಬೆಳಗ್ಗೆ, ಸಂಜೆ ವ್ಯಾನಿನಲ್ಲಿ ಬರುತ್ತಾರೆ. ಸೀಟಿನಲ್ಲಿ ನಿದ್ದೆಹೋಗುವ ಮಕ್ಕಳಿರುವಾಗ ಡ್ರೈವರನೊಬ್ಬನೇ ಸಾಲದು. ಈ ಖರ್ಚು ಉಳಿಸುವ ಮಾತೇ ಬೇಡ.

ಶುಲ್ಕದ ವಿಷಯದಲ್ಲಿ ಜಾಗ್ರತೆ ಬೇಕು. 1ರಿಂದ 8ನೇ ತರಗತಿಯ ಮಗುವಿನ ಓದಿಗೆ ಅಡ್ಡಿಯಾಗುವ ಯಾವ ಶುಲ್ಕವನ್ನೂ ತೆಗೆದುಕೊಳ್ಳುವಂತಿಲ್ಲ ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಆದ್ದರಿಂದ ವ್ಯಾನಿನ ಹಣ ಟ್ರಸ್ಟಿನ ರಶೀದಿಯಲ್ಲಿ, ಟ್ರಸ್ಟಿನ ಖಾತೆಗೆ. ದಾಖಲಾತಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಪೋಷಕರ ಸಭೆಯ ನಡಾವಳಿಯಲ್ಲೇ ಬರೆಸಿದ್ದೇವೆ. ದೂರಕ್ಕೆ ತಕ್ಕ ದರ ಇಡೋಣ ಎಂಬ ವಾದ ಬಂತು. ನಮ್ಮಲ್ಲಿ ದೂರದ ಗುಡ್ಡೆಯಲ್ಲಿರುವವರೇ ಕೈ ಬಿಗಿಯಾದವರು. ಯಾರಿಗಾಗಿ ವ್ಯಾನ್ ತಂದೆವೋ ಅವರ ಮೇಲೇ ಹೆಚ್ಚು ಹೊರಿಸುವುದು ಸರಿಯಲ್ಲವೆಂದು ಎಲ್ಲರಿಗೂ ಒಂದೇ ದರ ಮಾಡಿದೆವು, ಎರಡನೇ ಮಗುವಿಗೆ ಅರ್ಧ. ತಿಂಗಳ ಮೊದಲಿಗೆ ಹಣ ಬರುವುದಿಲ್ಲವೆಂದು ಸಮಿತಿಯಲ್ಲಿ ಕೆಲವರಿಗೆ ಸಿಟ್ಟು. ನಮ್ಮ ತಾಯಂದಿರಲ್ಲಿ ಅನೇಕರು ಬೀಡಿ ಕಟ್ಟುವವರು, ಮಜೂರಿ ಸಿಗುವುದು ವಾರಕ್ಕೊಮ್ಮೆ. ವಾರಕ್ಕೊಮ್ಮೆ ಕೊಡಿ ಎಂದದ್ದೇ ಬಾಕಿ ಕರಗಿತು. ಚಿಲ್ಲರೆ ಬರೆಯುವ ಕೆಲಸ ನನಗೆ ಹೆಚ್ಚಾಯಿತು, ಅಷ್ಟೆ.

ದೊಡ್ಡ ಹೊಂಡ ಬೇಸಿಗೆಯದು. ಶುಲ್ಕ ಬರುವುದು ಜೂನ್‌ನಿಂದ ಮಾರ್ಚ್‌ವರೆಗೆ ಹತ್ತು ತಿಂಗಳು, ಡ್ರೈವರಿಗೆ ಹೊಟ್ಟೆ ಹನ್ನೆರಡು ತಿಂಗಳೂ ಇದೆ. ಏಪ್ರಿಲ್, ಮೇಯಲ್ಲಿ ಸಂಬಳ ಕೊಡದಿದ್ದರೆ ಒಳ್ಳೆಯ ಡ್ರೈವರ್ ಟೂರಿಸ್ಟ್ ಗಾಡಿಗೆ ಹೋಗುತ್ತಾನೆ, ಜೂನ್‌ಗೆ ಹೊಸಬನನ್ನು ಹುಡುಕಬೇಕು. ಟಯರು, ವಿಮೆ, ರಿಪೇರಿ ಎಲ್ಲ ಬೀಳುವುದೂ ಆ ರಜೆಯಲ್ಲೇ. ಅದಕ್ಕೆ ವರ್ಷದ ಪೂರ್ತಿ ಖರ್ಚನ್ನು ಹತ್ತರಿಂದ ಭಾಗಿಸಿ ತಿಂಗಳ ಗುರಿ ಇಟ್ಟೆ. ಟಯರು ಮತ್ತು ವಿಮೆಗೆ ಪ್ರತ್ಯೇಕ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ). ಅದನ್ನು ಮುರಿಯಲು ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ ಅಧ್ಯಕ್ಷರು, ನಾನು ಮೂವರೂ ಸಹಿ ಹಾಕಬೇಕು. ಡೀಸೆಲಿಗೂ ಒಂದಿಷ್ಟು ಮೀಸಲು ಇಡಲೇಬೇಕಾಯಿತು. ರಾಜ್ಯದ ಮಾರಾಟ ತೆರಿಗೆ ಏರಿ 2024ರ ಜೂನ್‌ನಲ್ಲಿ ಲೀಟರಿಗೆ ಸುಮಾರು 3 ರೂಪಾಯಿ, 2025ರ ಏಪ್ರಿಲ್‌ನಲ್ಲಿ ಮತ್ತೆ 2 ರೂಪಾಯಿ ಹೆಚ್ಚಾದಾಗ ಪೋಷಕರ ದರ ಮುಟ್ಟದೆ ಆ ವರ್ಷಗಳನ್ನು ದಾಟಿದ್ದು ಅದರಿಂದಲೇ.

ಶುಲ್ಕದಿಂದ ಖರ್ಚಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. ಉಳಿದದ್ದು ದಾನಿಗಳದ್ದು. ವ್ಯಾನಿನ ಮೈಮೇಲೆ ಹೆಸರು ಬರೆಸಲು ಜಾಗ ಮುಗಿದ ಮೇಲೆ "ಒಂದು ತಿಂಗಳ ಡೀಸೆಲ್" ಎಂಬ ಚೀಟಿ ಮಾಡಿದೆವು. ಮಗಳ ಹುಟ್ಟುಹಬ್ಬಕ್ಕೆ, ಅಪ್ಪನ ವರ್ಷಾಂತಿಕಕ್ಕೆ ಜನ ಕೊಡುತ್ತಾರೆ. ಆ ತಿಂಗಳ ಕಿಲೋಮೀಟರ್ ಪುಸ್ತಕದ ಪುಟ ಮತ್ತು ಪಂಪಿನ ಬಿಲ್ಲನ್ನು ಫೋಟೋ ತೆಗೆದು ಅವರ ವಾಟ್ಸಾಪಿಗೆ ಕಳಿಸುತ್ತೇನೆ. ಮರುವರ್ಷ ಕೇಳುವ ಮೊದಲೇ ಹಣ ಹಾಕುವವರು ಇವರೇ. 80ಜಿ ರಶೀದಿ ಬೇಕಾದವರಿಗೆ ಒಂದು ಮಾತು ಮುಂಚೆಯೇ ಹೇಳುತ್ತೇನೆ: 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ತೆರಿಗೆ ವಿನಾಯಿತಿ ಇಲ್ಲ, ಖಾತೆಗೇ ಹಾಕಿ.

ಈಗ ಚರ್ಚೆಯಲ್ಲಿರುವುದು ವ್ಯಾನ್ ಬದಲಿಸುವ ನಿಧಿ. ಎಂಟು ವರ್ಷ ತುಂಬುವ ಮುಂಚೆ ಮಾರಿದರೆ ಒಳ್ಳೆಯ ಬೆಲೆ ಸಿಗುತ್ತದೆ ಎಂಬುದು ನನ್ನ ಲೆಕ್ಕ. ಚೆನ್ನಾಗಿ ಓಡುವ ಗಾಡಿಯನ್ನು ಯಾಕೆ ಮಾರಬೇಕು ಎಂಬುದು ಅಧ್ಯಕ್ಷರ ಪ್ರಶ್ನೆ. ಮೇ ತಿಂಗಳ ಮಹಾಸಭೆಯಲ್ಲಿ ಇಬ್ಬರ ಲೆಕ್ಕವನ್ನೂ ಇಡುತ್ತೇವೆ.